ತಪ್ಪನ್ನು ಹೊಟ್ಟೆಗೆ ಹಾಕಿಕೊಂಡ ಸ್ಟಿಕ್: ಮೂರು ವರ್ಷ ಆಡಿದ ಮೇಲೆ

ನನ್ನ ಹತ್ತಿರ ಎರಡು ಹಾಕಿ ಸ್ಟಿಕ್ ಇವೆ. ಒಂದು ಇನ್ನೂ ಹೊಸದರ ಥರ ಹೊಳೆಯುತ್ತಿದೆ. ಇನ್ನೊಂದರ ಬಣ್ಣ ಹೋಗಿದೆ, ತಲೆಯ ಅಂಚು ಸವೆದಿದೆ, ಅದರ ಮೇಲೆ ಟೇಪ್ ಬಂದಿದೆ. ಹೊಳೆಯುತ್ತಿರುವುದು ಮೊದಲು ತಗೊಂಡಿದ್ದು, ದುಬಾರಿಯದ್ದು. ಮೂರು ವರ್ಷ ನಾನು ಆಡಿದ್ದು ಎರಡನೆಯದರಲ್ಲಿ. ಈ ವಿಮರ್ಶೆ ಅದರದ್ದೇ. ಆದರೆ ಮೊದಲನೆಯದರ ಕಥೆ ಹೇಳದೆ ಎರಡನೆಯದು ಯಾಕೆ ಇಷ್ಟವಾಯಿತು ಅಂತ ಹೇಳೋಕೆ ಆಗುವುದಿಲ್ಲ.

ಇದು ಮೈದಾನದ ಹಾಕಿಯ ಮಾತು, ಐಸ್ ಹಾಕಿಯದ್ದಲ್ಲ. ಕಂಪನಿಯ ಹೆಸರನ್ನೂ ಬರೆಯುತ್ತಿಲ್ಲ. ಒಂದೇ ಕಂಪನಿ ಹತ್ತು ಥರದ ಸ್ಟಿಕ್ ಮಾಡುತ್ತದೆ. ಬಣ್ಣ, ಹೆಸರು ಆಗಾಗ ಬದಲಾಗುತ್ತಿರುತ್ತವೆ. ನೋಡಬೇಕಾದ್ದು ಸ್ಟಿಕ್ಕಿನ ಮೈಮೇಲೆ ಸಣ್ಣಕ್ಷರದಲ್ಲಿ ಬರೆದ ಅಂಕಿಗಳನ್ನು. ನನ್ನದರ ಜಾತಕ ಇಷ್ಟು: ಉದ್ದ 36.5 ಇಂಚು. ತೂಕ 530 ಗ್ರಾಂ ಆಸುಪಾಸು. ಕಾರ್ಬನ್ ಶೇ 20, ಉಳಿದದ್ದು ಬಹುಪಾಲು ಫೈಬರ್‌ಗ್ಲಾಸ್. ಬೋ, ಅಂದರೆ ಕೋಲಿನ ಬಾಗು, 20 ಮಿ.ಮೀ. ತಲೆ, ಅಂದರೆ ಕೆಳಗಿನ ಕೊಕ್ಕೆಯಂಥ ತುದಿ, ಮಿಡಿ ಅನ್ನುವ ಆಕಾರದ್ದು.

ಮೊದಲನೆಯದು ಎಲ್ಲದರಲ್ಲೂ ಇದಕ್ಕೆ ಉಲ್ಟಾ. 37.5 ಇಂಚು, ಶೇ 90 ಕಾರ್ಬನ್, ಲೋ ಬೋ (ಬಾಗು ತಲೆಯ ಹತ್ತಿರಕ್ಕೆ ಇಳಿದದ್ದು), ಬಾಗು 24 ಮಿ.ಮೀ.ಗಿಂತ ಜಾಸ್ತಿ. ನಮ್ಮ ತಂಡದಲ್ಲಿ ಪೆನಾಲ್ಟಿ ಕಾರ್ನರ್‌ಗೆ ಡ್ರ್ಯಾಗ್ ಫ್ಲಿಕ್ (ಬಾಲನ್ನು ಎಳೆದು ಗೋಲಿಗೆ ಬೀಸುವುದು) ಮಾಡುವವರ ಕೈಯಲ್ಲಿ ಅಂಥದ್ದು ಇತ್ತು. ಅವರ ಬಾಲ್ ಗೋಲಿನ ಮೇಲಿನ ಮೂಲೆಗೆ ಹೋಗಿ ಬೀಳುವುದನ್ನು ನೋಡಿದ್ದೆ. ಹಾಗಾಗಿ ಕಣ್ಣು ಮುಚ್ಚಿಕೊಂಡು ಅದನ್ನೇ ತಗೊಂಡೆ. ಅವರೇನೂ ತಗೊಳ್ಳಿ ಅಂತ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮೊದಲ ದಿನದ ಅಭ್ಯಾಸ ಚೆನ್ನಾಗಿ ನೆನಪಿದೆ. ಹತ್ತು ಹೆಜ್ಜೆ ದೂರದಿಂದ ಒಬ್ಬರು ಬಾಲ್ ತಳ್ಳುತ್ತಾರೆ, ನಾನು ಸ್ಟಿಕ್ ಇಟ್ಟು ನಿಲ್ಲಿಸಬೇಕು. ಅಷ್ಟೇ ಕೆಲಸ. ಬಾಲ್ ಬರುತ್ತಿತ್ತು, ಟಕ್ ಅಂತ ಶಬ್ದ ಆಗುತ್ತಿತ್ತು, ಮುಂದಿನ ಕ್ಷಣ ಅದು ನನ್ನಿಂದ ಎರಡು ಮೀಟರ್ ಆಚೆ. ಇಪ್ಪತ್ತು ಸಲದಲ್ಲಿ ಮೂರು ಸಲ ನಿಂತಿರಬೇಕು. ಕೋಚ್ ಸ್ವಲ್ಪ ಹೊತ್ತು ನೋಡಿದರು. ನನ್ನ ಕೈಯಿಂದ ಸ್ಟಿಕ್ ಇಸ್ಕೊಂಡು, ಮೇಲಿದ್ದ ಅಂಕಿಗಳನ್ನು ಓದಿ, ವಾಪಸ್ ಕೊಟ್ಟರು. "ಇದು ಹೊಡೆಯೋ ಸ್ಟಿಕ್. ನಿಮ್ಗೆ ಸದ್ಯಕ್ಕೆ ನಿಲ್ಸೋ ಸ್ಟಿಕ್ ಬೇಕು" ಅಂದರು.

ಆಗ ಮುಖ ಸಣ್ಣದಾಯಿತು, ಆದರೆ ಅವರ ಮಾತು ಸರಿ ಇತ್ತು. ಹಾಕಿ ಬಾಲ್ 156ರಿಂದ 163 ಗ್ರಾಂ ತೂಗುವ ಗಟ್ಟಿ ಉಂಡೆ. ಕಾರ್ಬನ್ ಜಾಸ್ತಿ ಇದ್ದಷ್ಟೂ ಸ್ಟಿಕ್ ಬಿಗಿ. ಬಿಗಿಯಾದದ್ದು ಬಂದ ವೇಗವನ್ನು ತಾನು ಇಟ್ಟುಕೊಳ್ಳುವುದಿಲ್ಲ, ಹಾಗೇ ಹಿಂದಕ್ಕೆ ಕೊಡುತ್ತದೆ. ಹೊಡೆಯುವಾಗ ಅದು ಲಾಭ. ನಿಲ್ಲಿಸುವಾಗ ಬಾಲ್ ಚಿಮ್ಮಿ ಹೋಗುತ್ತದೆ. ಕೈ ಪಳಗಿದವರು ಬಾಲ್ ತಾಗುವ ಹೊತ್ತಿಗೆ ಹಿಡಿತ ಸಡಿಲ ಬಿಟ್ಟು ಆ ವೇಗವನ್ನು ನುಂಗಿಬಿಡುತ್ತಾರೆ. ಹೊಸಬರು ಬಾಲ್ ಬಂತು ಅಂದರೆ ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ನಾನಂತೂ ಹಲ್ಲು ಕಚ್ಚಿಕೊಂಡು ಹಿಡಿಯುತ್ತಿದ್ದೆ. ಫೈಬರ್‌ಗ್ಲಾಸ್ ಜಾಸ್ತಿ ಇರುವ ಸ್ಟಿಕ್ ಒಂಚೂರು ಬಳುಕುತ್ತದೆ. ನಮ್ಮ ತಪ್ಪನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಬಾಗಿನದ್ದು ಇನ್ನೊಂದು ಕಥೆ. ಬಾಗು ಎಲ್ಲಿದೆ, ಎಷ್ಟಿದೆ ಅಂತ ನೋಡಲು ಸುಲಭದ ದಾರಿ ಇದೆ. ಸ್ಟಿಕ್ಕಿನ ಚಪ್ಪಟೆ ಮುಖ ಕೆಳಗೆ ಬರುವ ಹಾಗೆ ಸಮತಟ್ಟಾದ ನೆಲದ ಮೇಲೆ ಇಡಿ. ನೀವು ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಪಕ್ಕದಿಂದ ನೋಡಿ. ಕೋಲಿನ ಕೆಳಗೆ ಕಮಾನಿನ ಥರ ಒಂದು ಸಂದು ಕಾಣುತ್ತದೆ. ಆ ಸಂದು ಕೋಲಿನ ನಡುಭಾಗದ ಕಡೆಗೆ ಜಾಸ್ತಿ ಎತ್ತರ ಇದ್ದರೆ ಸಾಮಾನ್ಯ ಬೋ. ತಲೆಯ ಹತ್ತಿರಕ್ಕೆ ಇಳಿದಿದ್ದರೆ ಲೋ ಬೋ. ನಿಯಮದ ಪ್ರಕಾರ ಸಂದು 25 ಮಿ.ಮೀ. ದಾಟಬಾರದು, ಅತಿ ಹೆಚ್ಚು ಬಾಗಿರುವ ಜಾಗ ತಲೆಯ ಬುಡದಿಂದ 200 ಮಿ.ಮೀ.ಗಿಂತ ಕೆಳಗೆ ಬರಬಾರದು. ಲೋ ಬೋ ಸ್ಟಿಕ್‌ಗಳು ಈ ಗಡಿಯ ಅಂಚಿನಲ್ಲೇ ನಿಂತಿರುತ್ತವೆ.

ಡ್ರ್ಯಾಗ್ ಫ್ಲಿಕ್‌ನಲ್ಲಿ ಬಾಲನ್ನು ಕೋಲಿಗೆ ಅಂಟಿಸಿಕೊಂಡು ಎಳೆದು ಬೀಸುತ್ತಾರೆ. ಆಗ ಆ ಬಾಗು ಬಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಮಾಮೂಲಿ ಹೊಡೆತದಲ್ಲಿ ಅದೇ ಬಾಗಿನಿಂದ ಸ್ಟಿಕ್ಕಿನ ಮುಖ ಸ್ವಲ್ಪ ಮೇಲಕ್ಕೆ ತೆರೆದುಕೊಳ್ಳುತ್ತದೆ. ಕೈ ಸರಿಮಾಡಿಕೊಳ್ಳಲು ಗೊತ್ತಿಲ್ಲದಿದ್ದರೆ ಬಾಲ್ ಎದ್ದುಬಿಡುತ್ತದೆ. ನಾನು ನೆಲಕ್ಕೆ ಹೊಡೆದೆ ಅಂದುಕೊಂಡ ಪಾಸ್‌ಗಳು ಎದುರಿನವರ ಮಂಡಿ ಎತ್ತರಕ್ಕೆ ಹಾರುತ್ತಿದ್ದವು. ಅಂಪೈರ್ ಸೀಟಿ ಊದುವುದು, ನಾನು ಕೈ ಎತ್ತಿ ಸಾರಿ ಕೇಳುವುದು. ಒಂದು ಪಂದ್ಯದಲ್ಲಿ ನಾಲ್ಕು ಸಲ ಹೀಗಾಯಿತು. ಆಮೇಲೆ ನಮ್ಮ ಕಡೆಯವರೇ ನನಗೆ ಬಾಲ್ ಕೊಡುವುದನ್ನು ಕಮ್ಮಿ ಮಾಡಿದರು.

ಮೂರೇ ತಿಂಗಳಲ್ಲಿ ಅದು ಮೂಲೆ ಸೇರಿತು. ಎರಡನೆಯದು ತಗೊಳ್ಳುವಾಗ ಆತುರ ಪಡಲಿಲ್ಲ. ಅಭ್ಯಾಸಕ್ಕೆ ಬರುವವರ ಸ್ಟಿಕ್‌ಗಳನ್ನು ಒಂದೊಂದಾಗಿ ಇಸ್ಕೊಂಡು ಹತ್ತು ಹತ್ತು ನಿಮಿಷ ಆಡಿ ನೋಡಿದೆ. ಯಾರೂ ಬೇಡ ಅನ್ನಲಿಲ್ಲ. ಹಾಕಿ ಆಡುವವರಿಗೆ ತಮ್ಮ ಸ್ಟಿಕ್ ಬಗ್ಗೆ ಮಾತಾಡೋದು ಅಂದರೆ ಬಲು ಇಷ್ಟ, ಸಾಕು ಅಂದರೂ ಬಿಡಲ್ಲ.

ಉದ್ದದ ವಿಷಯ ಅಲ್ಲೇ ಗೊತ್ತಾಯಿತು. ಸ್ಟಿಕ್ಕನ್ನು ಮುಂದೆ ನೇರವಾಗಿ ನಿಲ್ಲಿಸಿದರೆ ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು ಅನ್ನುತ್ತಾರೆ. ಅದು ಶುರುಮಾಡಲು ಒಂದು ಅಂದಾಜು. ಕೈ ಎಷ್ಟು ಉದ್ದ, ಎಷ್ಟು ಬಗ್ಗಿ ಆಡುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನನಗೆ ನಿಜವಾದ ಉತ್ತರ ಸಿಕ್ಕಿದ್ದು ಹೊಟ್ಟೆಯಲ್ಲಿ. ಮಂಡಿ ಮಡಚಿ, ಬೆನ್ನು ತಗ್ಗಿಸಿ, ಬಾಲನ್ನು ಎಡಕ್ಕೆ ಬಲಕ್ಕೆ ಆಡಿಸುವಾಗ 37.5 ಇಂಚಿನ ಸ್ಟಿಕ್ಕಿನ ಹಿಡಿಯ ತುದಿ ಬಂದು ಹೊಟ್ಟೆಗೆ ಚುಚ್ಚುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ನನಗೇ ಗೊತ್ತಿಲ್ಲದ ಹಾಗೆ ನೆಟ್ಟಗೆ ನಿಂತು ಆಡುತ್ತಿದ್ದೆ. ನೆಟ್ಟಗೆ ನಿಂತರೆ ಬಾಲ್ ಮೇಲೆ ಹಿಡಿತ ಇರಲ್ಲ. 36.5ಕ್ಕೆ ಇಳಿದ ದಿನವೇ ಚುಚ್ಚುವುದು ನಿಂತಿತು. ಒಂದೇ ಇಂಚಿನ ವ್ಯತ್ಯಾಸ ಅಲ್ವಾ ಅಂತ ಅನ್ನಿಸಬಹುದು. ಆಡಿ ನೋಡಿ.

ತೂಕದಲ್ಲಿ ಅಂಕಿಗಿಂತ ಆ ಭಾರ ಕೋಲಿನಲ್ಲಿ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ನಿಯಮ 737 ಗ್ರಾಂವರೆಗೆ ಬಿಡುತ್ತದೆ, ಆದರೆ ಈಗ ಅಷ್ಟು ಭಾರದ್ದನ್ನು ಹಿಡಿದವರನ್ನು ನಾನು ನೋಡಿಲ್ಲ. ದೊಡ್ಡವರ ಸ್ಟಿಕ್ ಸಾಮಾನ್ಯವಾಗಿ 520ರಿಂದ 560 ಗ್ರಾಂ ಒಳಗೆ ಸಿಗುತ್ತದೆ. ಕೋಲನ್ನು ಅಡ್ಡಲಾಗಿ ಒಂದು ಬೆರಳ ಮೇಲೆ ಇಟ್ಟು ಅದು ಎಲ್ಲಿ ಸಮ ನಿಲ್ಲುತ್ತದೆ ನೋಡಿ. ನನ್ನ ಎರಡೂ ಸ್ಟಿಕ್‌ಗಳ ತೂಕದಲ್ಲಿ ಹತ್ತು ಗ್ರಾಂ ವ್ಯತ್ಯಾಸ ಇರಬಹುದು. ಆದರೆ ಮೊದಲನೆಯದು ಸಮ ನಿಲ್ಲುವ ಜಾಗ ತಲೆಯ ಕಡೆಗೆ ಮೂರು ಬೆರಳಷ್ಟು ಕೆಳಗಿದೆ. ಅದನ್ನು ಹಿಡಿದರೆ ತಲೆ ಭಾರ, ರಿವರ್ಸ್‌ಗೆ (ಎಡಗಡೆಯ ಬಾಲ್ ಆಡಲು ತಲೆಯ ತುದಿ ಕೆಳಗೆ ಬರುವ ಹಾಗೆ) ತಿರುಗಿಸುವಾಗ ಎಡ ಮಣಿಕಟ್ಟು ನೋಯುತ್ತದೆ. ಎರಡನೆಯದು ಕೈಗೆ ಕೂತುಬಿಟ್ಟಿತು.

ಎಡ ಮಣಿಕಟ್ಟು ಅಂದಾಗ ನೆನಪಾಯಿತು. ಎಡಚರು ಎಡಗೈ ಸ್ಟಿಕ್ ಹುಡುಕಬೇಡಿ. ಇಲ್ಲ. ಬಾಲ್ ಆಡುವ ಚಪ್ಪಟೆ ಮುಖ ಎಲ್ಲ ಸ್ಟಿಕ್‌ನಲ್ಲೂ ಎಡಕ್ಕೇ ಇರಬೇಕು ಅಂತ ನಿಯಮ. ಬೇಜಾರು ಬೇಡ, ಎಲ್ಲರೂ ಎಡಗೈಯನ್ನೇ ಮೇಲೆ ಹಿಡಿಯುವುದು, ಸ್ಟಿಕ್ ತಿರುಗಿಸುವುದೂ ಅದೇ ಕೈ. ನಮ್ಮ ಜೊತೆಗಿದ್ದ ಎಡಚ ಆಟಗಾರ ನನಗಿಂತ ಬೇಗ ಡ್ರಿಬಲ್ ಕಲಿತ.

ತಲೆಯ ಆಕಾರದಲ್ಲಿ ಶಾರ್ಟಿ, ಮಿಡಿ, ಮ್ಯಾಕ್ಸಿ, ಹುಕ್ ಅಂತ ಇವೆ. ಮಿಡಿ ತಗೊಳ್ಳಿ, ಮುಂದೆ ಹೋಗಿ. ಶುರುವಿನಲ್ಲಿ ಇದರ ಮೇಲೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಒಂದು ಕಡೆ ಮಾತ್ರ ಎಚ್ಚರ ಇರಲಿ: ಇಂಡೋರ್ ಸ್ಟಿಕ್. ಹಗುರ, ತೆಳು, ಕೈಗೆ ತಗೊಂಡ ಕೂಡಲೇ ಇಷ್ಟವಾಗುತ್ತದೆ. ಹೊಸಬರು ಸುಮ್ನೆ ಹಗುರ ಇದೆ ಅಂತ ಅದನ್ನೇ ಆರಿಸುವುದುಂಟು. ಇಂಡೋರ್ ಹಾಕಿಯಲ್ಲಿ ಬಾಲನ್ನು ತಳ್ಳಬಹುದು, ಬೀಸಿ ಹೊಡೆಯುವಂತಿಲ್ಲ. ಹಾಗಾಗಿ ಆ ಸ್ಟಿಕ್ ಹೊಡೆತ ತಡೆಯಲು ಮಾಡಿದ್ದಲ್ಲ. ಹೊರಗಿನ ಮೈದಾನಕ್ಕೆ ತಂದರೆ ಮುರಿಯಬಹುದು.

ಇನ್ನು ಮೂರು ವರ್ಷದಲ್ಲಿ ಎರಡನೆಯದು ಹೇಗೆ ಬಾಳಿತು ಅಂತ ಹೇಳುತ್ತೇನೆ. ವಾರಕ್ಕೆ ಎರಡು ಅಭ್ಯಾಸ, ಒಂದು ಪಂದ್ಯ. ಬಹುಪಾಲು ಮರಳು ಹಾಕಿದ ಟರ್ಫ್ ಮೇಲೆ, ಆಗೊಮ್ಮೆ ಈಗೊಮ್ಮೆ ನೀರು ಬಿಟ್ಟ ಟರ್ಫ್.

ಮೊದಲು ಕೈಕೊಟ್ಟದ್ದು ಗ್ರಿಪ್. ಜೊತೆಗೆ ಬಂದದ್ದು ತೆಳ್ಳಗಿತ್ತು, ಬೆವರಿಗೆ ಜಾರುತ್ತಿತ್ತು, ಎರಡನೇ ತಿಂಗಳಿಗೇ ಕಿತ್ತು ಬಂತು. ಇದೊಂದೇ ನನ್ನ ಗಟ್ಟಿ ದೂರು. ಈಗ ನಾಲ್ಕು ತಿಂಗಳಿಗೊಮ್ಮೆ ನಾನೇ ಬದಲಾಯಿಸುತ್ತೇನೆ. ಹಳೆಯದನ್ನು ಬಿಚ್ಚಿದಾಗ ಕೆಳಗೆ ಉಳಿಯುವ ಅಂಟನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಹೊಸದರ ಕೆಳಗೆ ಗಂಟಿನ ಥರ ಕೂತು ಅಂಗೈಗೆ ಒತ್ತುತ್ತದೆ. ಮೇಲಿನ ತುದಿಯಿಂದ ಶುರುಮಾಡಿ, ಎಳೆದು ಹಿಡಿದು, ಒಂದು ಸುತ್ತು ಇನ್ನೊಂದರ ಮೇಲೆ ಒಂಚೂರು ಏರುವ ಹಾಗೆ ಕೆಳಗೆ ಬನ್ನಿ. ಕೊನೆಗೆ ಟೇಪ್. ಮೊದಲ ಸಲ ನಾನು ಎಳೆಯದೆ ಸುತ್ತಿದ್ದೆ, ಪಂದ್ಯದ ಅರ್ಧದಲ್ಲೇ ಬಿಚ್ಚಿಕೊಂಡು ಬಾಲದ ಥರ ನೇತಾಡಿತು.

ಎರಡನೇ ವರ್ಷ ತಲೆಯ ಅಂಚು ಸವೆಯಲು ಶುರುವಾಯಿತು. ತಪ್ಪು ಸ್ಟಿಕ್ಕಿನದಲ್ಲ. ರಿವರ್ಸ್ ಕಡೆಯಿಂದ ಅಂಚಿನಲ್ಲಿ ಹೊಡೆಯುವುದನ್ನು ಆಗಷ್ಟೇ ಕಲಿತಿದ್ದೆ, ಹುಚ್ಚು ಹಿಡಿದ ಹಾಗೆ ಅದನ್ನೇ ಹೊಡೆಯುತ್ತಿದ್ದೆ. ಸ್ಟಿಕ್ ನೆಲಕ್ಕೆ ಸಮನಾಗಿ ಬೀಸಿದಾಗ ಟರ್ಫಿನ ಮರಳು ಉಪ್ಪುಕಾಗದದ ಥರ ಉಜ್ಜುತ್ತದೆ. (ರಿವರ್ಸ್ ಕಡೆಯಿಂದ ಇದಕ್ಕೆ ಒಪ್ಪಿಗೆ ಇದೆ. ಫೋರ್‌ಹ್ಯಾಂಡ್ ಕಡೆಯಿಂದ ಅಂಚಿನಲ್ಲಿ ಜೋರಾಗಿ ಹೊಡೆದರೆ ಫೌಲ್.) ಒಂದು ಕಡೆ ಬಣ್ಣ, ಅಂಟು ಎರಡೂ ಹೋಗಿ ಎಳೆ ಎದ್ದು ಬಂತು. ಅಂಪೈರ್ ಬೆರಳಾಡಿಸಿ ನೋಡಿ, ಚೂಪಾಗಿದೆ, ಸರಿಮಾಡಿಕೊಂಡು ಬನ್ನಿ ಅಂದರು. ಅಂಥ ಒರಟು ಅಂಚು ಇರುವ ಸ್ಟಿಕ್‌ನಲ್ಲಿ ಆಡುವಂತಿಲ್ಲ. ಟೇಪ್ ಸುತ್ತಿಕೊಂಡು ಹೋದೆ. ಟೇಪ್ ಸುತ್ತಬಹುದು, ಆದರೆ ಸುತ್ತಿದ ಮೇಲೂ ಸ್ಟಿಕ್ 51 ಮಿ.ಮೀ. ಒಳಅಳತೆಯ ಬಳೆಯೊಳಗೆ ತೂರಬೇಕು. ನನ್ನದು ತೂರುತ್ತದೆ, ಟೇಪ್ ಒಂಚೂರು ಉಜ್ಜಿಕೊಂಡು.

ಮೂರನೇ ವರ್ಷಕ್ಕೆ ಸ್ಟಿಕ್ ಮೆತ್ತಗಾಗಿದೆ. ಹೊಡೆದಾಗ ಮೊದಲಿನ ಚುರುಕು ಇಲ್ಲ. ಕಾಂಪೋಸಿಟ್ ಸ್ಟಿಕ್‌ಗಳು ಹೊಡೆತ ತಿಂದು ತಿಂದು ಹೀಗೆ ಆಗುತ್ತವೆ. ತಲೆಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ ಕಿವಿ ಕೊಡುತ್ತಿರುತ್ತೇನೆ. ಟಣ್ ಅನ್ನುವ ಬದಲು ಡಬ್ ಅಂದರೆ ಒಳಗೆ ಬಿರುಕು ಬಿಟ್ಟಿದೆ ಅನ್ನುವ ಅನುಮಾನ ಶುರು. ನನ್ನದು ಇನ್ನೂ ಟಣ್ ಅನ್ನುತ್ತಿದೆ. ಒದ್ದೆಯಾದರೆ ಒರೆಸಿ ಇಡುತ್ತೇನೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದಿಲ್ಲ, ಸೆಕೆಗೆ ಒಳಗಿನ ಅಂಟು ಸಡಿಲವಾಗುತ್ತದೆ. ಇಷ್ಟೇ ಆರೈಕೆ.

ಮರದ ಸ್ಟಿಕ್ ಸಾಕಾಗಲ್ವಾ ಅಂತ ಕೇಳುವವರಿದ್ದಾರೆ. ಹಿಪ್ಪುನೇರಳೆ ಮರದ್ದು ಬಾಲನ್ನು ಚೆನ್ನಾಗಿ ನಿಲ್ಲಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆಡುತ್ತೇನೋ ಬಿಡುತ್ತೇನೋ ಅಂತ ಇನ್ನೂ ಗೊತ್ತಿಲ್ಲದವರಿಗೆ ಅದೇ ಸರಿ. ಆದರೆ ಟರ್ಫ್‌ಗೆ ನೀರು ಬಿಟ್ಟರೆ ಮರ ನೀರು ಕುಡಿಯುತ್ತದೆ, ಬೇಗ ಸೀಳುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಕೃತಕ ಹುಲ್ಲಿಗೆ ಬಂತು. ಆಮೇಲೆ ಆಟದ ವೇಗವೂ ಜಾಸ್ತಿಯಾಯಿತು, ಮರಕ್ಕೆ ಆ ವೇಗ ತಡೆಯುವುದು ಕಷ್ಟವಾಯಿತು.

ಐದಕ್ಕೆ ಎಷ್ಟು ಕೊಡುತ್ತೀರಿ ಅಂದರೆ ಕಲಿಯುವ ಮೊದಲ ಎರಡು ವರ್ಷಕ್ಕೆ ನಾಲ್ಕೂವರೆ. ಅರ್ಧ ಕಡಿದದ್ದು ಗ್ರಿಪ್‌ಗೆ. ಈಗ ಕೇಳಿದರೆ ಮೂರೂವರೆ. ನಾನೀಗ ಹಿಂದಿನ ಸಾಲಿನಲ್ಲಿ ಆಡುತ್ತೇನೆ, ಮೈದಾನದ ಆಚೆ ಬದಿಗೆ ಬಾಲ್ ದಾಟಿಸಬೇಕು. ಈ ಸ್ಟಿಕ್ ಅಷ್ಟು ದೂರ ತಲುಪಿಸಲು ಏದುಸಿರು ಬಿಡುತ್ತದೆ. ಮುಂದಿನದು ಶೇ 50 ಕಾರ್ಬನ್, ಮಿಡ್ ಬೋ (ಸಾಮಾನ್ಯ ಬೋಗೂ ಲೋ ಬೋಗೂ ನಡುವಿನದು) ಅಂತ ಮನಸ್ಸಿನಲ್ಲಿದೆ. ಮೂಲೆಯಲ್ಲಿರುವ ಶೇ 90ರದ್ದನ್ನು ಮೊನ್ನೆ ಒಂದು ಸಂಜೆ ಮತ್ತೆ ಹಿಡಿದು ನೋಡಿದೆ. ಬಾಲ್ ಈಗ ನಿಲ್ಲುತ್ತದೆ. ಹೊಟ್ಟೆಗೆ ಮಾತ್ರ ಇನ್ನೂ ಚುಚ್ಚುತ್ತದೆ.

ಹೋದ ವಾರ ಹೊಸದಾಗಿ ಸೇರಿದ ಹುಡುಗ ನನ್ನ ಸ್ಟಿಕ್ ಇಸ್ಕೊಂಡು ಆಡಿದ. ಬಾಲ್ ಅವನ ಕಾಲಡಿ ನಿಂತಿತು, ಮತ್ತೆ ನಿಂತಿತು. "ಅಣ್ಣಾ, ನಾನೂ ಇದನ್ನೇ ತಗೋತೀನಿ" ಅಂದ. ನೇರ ನಿಂತುಕೊಳ್ಳಲು ಹೇಳಿ ಸ್ಟಿಕ್ಕನ್ನು ಅವನ ಪಕ್ಕಕ್ಕೆ ನಿಲ್ಲಿಸಿದೆ. ನನಗಿಂತ ಗೇಣುದ್ದ ಎತ್ತರದ ಹುಡುಗ. ಹಿಡಿಯ ತುದಿ ಅವನ ತೊಡೆಯ ಹತ್ತಿರವೇ ನಿಂತಿತ್ತು.