ಕಬಡ್ಡಿ ಸೀಸನ್‌ಗೆ ಮುಂಚೆ ಕಾರವಾರದ ಫಿಜಿಯೋ ಹತ್ತಿರ ಹೋಗಿದ್ದು

ನಮ್ಮದು ಅಂಕೋಲಾ ಕಡೆಯ ಕಬಡ್ಡಿ ತಂಡ. ಹನ್ನೆರಡು ಹುಡುಗರು. ಆಟ ಹೇಳಿಕೊಡುವ ಮಾಸ್ತರ ನಾನು. ಈ ಸಲ ಟೂರ್ನಮೆಂಟ್ ಶುರುವಾಗುವ ಮುಂಚೆಯೇ ಇಡೀ ತಂಡವನ್ನು ಕಾರವಾರದ ಕೋಡಿಬಾಗದಲ್ಲಿರುವ ಒಂದು ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನಾಲ್ಕು ಭಾನುವಾರದ ತರಬೇತಿ, ತಂಡಕ್ಕೆ ಒಟ್ಟು 6,000 ರೂಪಾಯಿ. ಮೂರು ಭಾನುವಾರ ಮುಗಿದಿವೆ.

ಪೆಟ್ಟೇ ಆಗದ ಹುಡುಗರಿಗೆ ಯಾಕೆ ದುಡ್ಡು ಸುರಿಯೋದು ಅಂತ ಊರಲ್ಲಿ ಕೇಳಿದವರು ಇದ್ದಾರೆ. ಕಳೆದ ವರ್ಷ ಒಬ್ಬನ ಮೊಣಕಾಲಿನ ಸ್ಕ್ಯಾನ್‌ಗೇ ಇದಕ್ಕಿಂತ ಜಾಸ್ತಿ ಹೋಗಿತ್ತು. ನಮ್ಮಲ್ಲಿ ಮಳೆಗಾಲ ಪೂರ್ತಿ ಅಂಗಳ ಕೆಸರು, ಆಟ ಬಂದ್. ದಸರಾ ಮುಗಿದಿದ್ದೇ ತಡ, ದಿನಾ ಸಂಜೆ ಎರಡು ತಾಸು ಪೂರಾ ಜೋರಿನ ಆಟ. ಹೋದ ಸಲ ಮೊದಲ ಹತ್ತು ದಿನದಲ್ಲೇ ಮೂರು ಹುಡುಗರು ಕೂತುಬಿಟ್ಟರು. ತಪ್ಪು ನನ್ನದೇ, ನಾನೇ ಆಡಿಸಿದ್ದು.

ಆಗ ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಒಂದು ವಿಷಯ ಹೇಳಿದ. ಅವನಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. 2011ರಲ್ಲಿ ಆ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಂಡಗಳ ಮಾಲೀಕರಿಗೂ ಆಟಗಾರರಿಗೂ ಹಣದ ವಿಚಾರಕ್ಕೆ ಜಗಳವಾಗಿ, ಮಾರ್ಚ್‌ನಿಂದ ಜುಲೈವರೆಗೆ ತಂಡದ ಜಿಮ್, ಮೈದಾನ, ತರಬೇತುದಾರರು ಯಾವುದೂ ಆಟಗಾರರಿಗೆ ಸಿಗಲಿಲ್ಲ. ಜಗಳ ಮುಗಿದ ಕೂಡಲೇ ಸೀದಾ ತರಬೇತಿ ಶಿಬಿರ. ಮೊದಲ 12 ದಿನದಲ್ಲಿ ಹತ್ತು ಜನರಿಗೆ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಮುಂದಿನ 17 ದಿನದಲ್ಲಿ ಮತ್ತಿಬ್ಬರಿಗೆ. ಕೋಟಿಗಟ್ಟಲೆ ಸಂಬಳದ ಆಟಗಾರರು ಅವರು! ಅವರಿಗೆ ಬಾಗಿಲು ಮುಚ್ಚಿದ್ದು ಜಗಳ, ನಮಗೆ ಮುಚ್ಚೋದು ಮಳೆ. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಕ್ಲಿನಿಕ್ಕಿನ ಮೇಡಮ್‌ಗೆ ಇದನ್ನೇ ಹೇಳಿದೆ. ಅವರು ಮೊದಲ ದಿನ ಆಟದ ಮಾತೇ ಎತ್ತಲಿಲ್ಲ. ಒಬ್ಬೊಬ್ಬರನ್ನೇ ಗೋಡೆ ಹತ್ತಿರ ಒಂಟಿಕಾಲಲ್ಲಿ ನಿಲ್ಲಿಸಿ, ಹಿಮ್ಮಡಿ ಎತ್ತಿ ಇಳಿಸಲು ಹೇಳಿ ಎಣಿಸಿದರು. ನಮ್ಮ ಮುಖ್ಯ ರೈಡರ್ ಗಣಪತಿ ಬಲಗಾಲಲ್ಲಿ 25 ಸಲ ಎತ್ತಿದ. ಎಡಗಾಲಲ್ಲಿ 11ಕ್ಕೆ ಮೀನಖಂಡ ನಡುಗಲು ಶುರುವಾಯಿತು.

"ಮಾಸ್ತರ್ರೇ, ಇವನ ಎಡಗಾಲು ಯಾವಾಗಾದರೂ ಉಳುಕಿತ್ತಾ?" ಅಂತ ಕೇಳಿದರು. ನನಗೆ ಗೊತ್ತೇ ಇರಲಿಲ್ಲ. ಗಣಪತಿ ತಲೆ ತಗ್ಗಿಸಿ, "ಹೋದ ವರ್ಷ ಹೊನ್ನಾವರದ ಆಟದಲ್ಲಿ ಸರ್. ಹೇಳಿದ್ರೆ ಕೂರಿಸ್ತೀರಿ ಅಂತ ಸುಮ್ನಿದ್ದೆ" ಅಂದ. ಆ ಒಂದು ಎಣಿಕೆಗೇ ಕೊಟ್ಟ ದುಡ್ಡು ಸಾರ್ಥಕ ಅನಿಸಿತು ನನಗೆ.

ಎರಡನೇ ವಾರ ತೊಡೆಯ ಹಿಂದಿನ ಸ್ನಾಯುವಿಗೆ ನಾರ್ಡಿಕ್ ಅನ್ನುವ ವ್ಯಾಯಾಮ. ಉಪಕರಣ ಏನೂ ಬೇಡ. ಒಬ್ಬ ಮೊಣಕಾಲೂರಿ ಕೂರಬೇಕು, ಇನ್ನೊಬ್ಬ ಅವನ ಕಾಲಗಂಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕೂತವನು ಸೊಂಟ ಬಗ್ಗಿಸದೆ, ಹಲಗೆಯ ಹಾಗೆ ನೆಟ್ಟಗೆ, ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲುತ್ತಾ ಹೋಗಬೇಕು. ತಡೆಯಲಾಗದೆ ಹೋದಾಗ ಕೈ ಊರಬೇಕು. ಅಕ್ಕಿ ಮೂಟೆ ಹೊರುವ ಹುಡುಗರೂ ಅರ್ಧ ದಾರಿಯಲ್ಲೇ ಧೊಪ್ಪನೆ ಬಿದ್ದರು. ಮೊದಲ ವಾರ ಐದೈದು ಸಲ ಸಾಕು, ಜಾಸ್ತಿ ಮಾಡಿದರೆ ಮರುದಿನ ನಡೆಯೋಕೂ ಆಗಲ್ಲ ಅಂತ ಮೇಡಮ್ ಎಚ್ಚರಿಸಿದರು. ಆಟವನ್ನೂ ಹಂತಹಂತವಾಗಿ ಏರಿಸಲು ಹೇಳಿದ್ದಾರೆ. ಮೊದಲ ವಾರ ಕ್ಯಾಚ್ ಇಲ್ಲ, ಬರೀ ಓಟ ಮತ್ತು ಕಾಲಿನ ಚಲನೆ. ಅಮೆರಿಕದ ಶಿಬಿರಗಳಲ್ಲೂ ಈಗ ಮೊದಲ ಕೆಲವು ದಿನ ಮೈಗೆ ಪ್ಯಾಡ್ ಕಟ್ಟಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವಂತಿಲ್ಲವಂತೆ.

ಸೆಕೆಯ ವಿಷಯವನ್ನೂ ಮೇಡಮ್ ಬಿಡಲಿಲ್ಲ. 2001ರಲ್ಲಿ ನನ್ನ ತಮ್ಮನ ಮೆಚ್ಚಿನ ವೈಕಿಂಗ್ಸ್ ಫುಟ್‌ಬಾಲ್ ತಂಡದ ಆಟಗಾರ ಕೋರಿ ಸ್ಟ್ರಿಂಗರ್ ತರಬೇತಿ ಶಿಬಿರದ ವೇಳೆ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ತೀರಿಕೊಂಡರು. ನಮ್ಮ ಕರಾವಳಿಯ ಅಕ್ಟೋಬರ್ ಸೆಕೆ ಗೊತ್ತಲ್ವಾ, ಬೆವರು ಆರುವುದೇ ಇಲ್ಲ. ಯಾರಾದರೂ ತೊದಲಿದರೆ, ತಡಬಡಿಸಿದರೆ ಆಂಬುಲೆನ್ಸ್‌ಗೆ ಹೇಳಿ, ಅದು ಬರುವವರೆಗೆ ಸುಮ್ನೆ ಕೂರದೆ ತಣ್ಣೀರಿನ ಟಬ್ಬಿನಲ್ಲಿ ಕೂರಿಸಿ ಅಂದರು. ನಾವು ಈಗ ಮೈದಾನದ ಪಕ್ಕ ದೊಡ್ಡ ಟಬ್ಬಿನಲ್ಲಿ ನೀರು ತುಂಬಿ, ಮೀನಿಗೆ ಹಾಕುವ ಐಸ್ ತಂದು ಇಡುತ್ತೇವೆ.

ಕೊರತೆಗಳೂ ಇವೆ. ಕ್ಲಿನಿಕ್ ಇರೋದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೊಣಕಾಲು ನೋವಿನವರು ಹತ್ತೋದು ಹೇಗೆ? ಕೋಣೆಯೂ ಚಿಕ್ಕದು, ಆರು ಜನ ಒಳಗೆ, ಆರು ಜನ ಮೆಟ್ಟಿಲ ಮೇಲೆ. ಕೊಡುವ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿದೆ. ನಾನೇ ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿದೆ. ಒಂದು ಪ್ರತಿ ಮೇಡಮ್‌ಗೂ ಕೊಟ್ಟಿದ್ದೇನೆ, ಮುಂದೆ ಬರುವ ತಂಡಗಳಿಗೆ ಕೊಡುತ್ತೇನೆ ಅಂದಿದ್ದಾರೆ.

ಕ್ಲಿನಿಕ್ಕಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಹೋಗುವುದಾದರೆ ಮೊದಲ ಪಂದ್ಯಕ್ಕೆ ಒಂದು ತಿಂಗಳಾದರೂ ಇರುವಾಗ ಹೋಗಿ.

ಕಳೆದ ಭಾನುವಾರ ಗಣಪತಿಯ ಎಡಗಾಲು 19ಕ್ಕೆ ಬಂದಿತ್ತು. ಬಲಗಾಲಿಗೆ ಸಮ ಆಗುವವರೆಗೆ ಅವನನ್ನು ರೈಡಿಗೆ ಕಳಿಸಲ್ಲ ಅಂತ ಹೇಳಿದ್ದೇನೆ. ಅವನು ಒಪ್ಪಿದ್ದಾನೆ.