ಹಿಂಭಾಗ ಎತ್ತಿದರೆ ಭಾರ ಇಳಿಯುವುದಿಲ್ಲ: ಪಿಕಪ್‌ಗೆ ಹೆಲ್ಪರ್ ಏರ್ ಬ್ಯಾಗ್ ಹಾಕಿಸುವ ಮೊದಲು ಓದಿ

ಅಮೆರಿಕದಲ್ಲಿ ಪಿಕಪ್ ಹಿಂದೆ ಟ್ರಾವೆಲ್ ಟ್ರೇಲರ್ ಕಟ್ಟಿಕೊಂಡು ರಜೆಗೆ ಹೊರಡುವ ಕನ್ನಡ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿರುವುದು. ಬೇಸಿಗೆ ಪ್ರವಾಸಕ್ಕೆ ಇನ್ನೂ ಸಮಯವಿದ್ದರೆ ದಯವಿಟ್ಟು ಪೂರ್ತಿ ಓದಿ.

ಟೆಕ್ಸಸ್‌ನಿಂದ ನ್ಯೂ ಮೆಕ್ಸಿಕೊಗೆ ಹೊರಟಿದ್ದ ಒಂದು ಕುಟುಂಬದ ಟ್ರೇಲರ್, ಅಮರಿಲ್ಲೊ ದಾಟಿದ ಮೇಲೆ ಐ-40ರಲ್ಲಿ ಓಲಾಡತೊಡಗಿತು. ಬಯಲುಸೀಮೆಯ ಅಡ್ಡಗಾಳಿ, ಎಡಗಡೆಯಿಂದ ಹಿಂದಿಕ್ಕಿದ ದೊಡ್ಡ ಲಾರಿ, ಗಾಡಿಯ ವೇಗ 68 ಮೈಲಿ. ಮೊದಲನೇ ಓಲಾಟ ಚಿಕ್ಕದು, ಎರಡನೆಯದು ಅದಕ್ಕಿಂತ ದೊಡ್ಡದು, ನಾಲ್ಕನೆಯದಕ್ಕೆ ಟ್ರೇಲರ್ ಗಾರ್ಡ್‌ರೇಲ್‌ಗೆ ಉಜ್ಜಿ ಒಂದು ಬದಿ ಪೂರ್ತಿ ಸೀಳಿಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮೂರು ವಾರದ ಹಿಂದೆಯಷ್ಟೇ ಒಂದು ಅಂಗಡಿಯಲ್ಲಿ ಆ ಪಿಕಪ್‌ಗೆ ಏರ್ ಬ್ಯಾಗ್ ಕೂರಿಸಿ, 70 ಪಿಎಸ್‌ಐ ಗಾಳಿ ತುಂಬಿ, "ಈಗ ಗಾಡಿ ಲೆವೆಲ್ ಆಯ್ತು, ಧೈರ್ಯವಾಗಿ ಹೋಗಿ" ಎಂದು ಕಳಿಸಿದ್ದರು. ಟ್ರೇಲರ್‌ನ ಭಾರವನ್ನು ಎಲ್ಲ ಆಕ್ಸಲ್‌ಗಳಿಗೂ ಹಂಚುವ ಕೊಂಡಿ, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಬೇಕೇ ಎಂಬ ಮಾತೇ ಅಲ್ಲಿ ಬಂದಿರಲಿಲ್ಲ. ಅಳೆದದ್ದು ಒಂದೇ ಒಂದು, ಹಿಂಭಾಗದ ಎತ್ತರ.

ಇಲ್ಲಿ ಏರ್ ಬ್ಯಾಗ್ ಎಂದರೆ ಅಪಘಾತದಲ್ಲಿ ಸ್ಟೀರಿಂಗ್‌ನಿಂದ ಉಬ್ಬಿ ಬರುವುದಲ್ಲ. ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ, ಲೀಫ್ ಸ್ಪ್ರಿಂಗ್‌ಗೆ ಜೊತೆಯಾಗಿ ಕೂರುವ ರಬ್ಬರ್ ಚೀಲ. ಗಾಳಿ ತುಂಬಿದಷ್ಟೂ ಹಿಂಭಾಗ ಮೇಲೇಳುತ್ತದೆ. ಪೆಟ್ಟಿಗೆಯ ಮೇಲೆ 5,000 ಪೌಂಡ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಚೀಲದ ತಾಕತ್ತು, ಗಾಡಿಯದ್ದಲ್ಲ. ಆಕ್ಸಲ್, ಬೇರಿಂಗ್, ಚಕ್ರ, ಟೈರ್, ಬ್ರೇಕ್, ಚಾಸಿ ಎಲ್ಲವೂ ಕಾರ್ಖಾನೆಯಿಂದ ಬಂದ ಹಾಗೇ ಇರುತ್ತವೆ. ಬಾಗಿಲ ಕಂಬದ ಮೇಲಿನ ಸ್ಟಿಕರ್‌ನ ಒಂದು ಅಂಕಿಯೂ ಬದಲಾಗುವುದಿಲ್ಲ. ಕಿಟ್ ಮಾಡುವ ಕಂಪನಿಗಳೇ ಇದನ್ನು ತಮ್ಮ ಕೈಪಿಡಿಯಲ್ಲಿ ಬರೆದಿರುತ್ತವೆ.

ನಮ್ಮೂರಿನ ಎತ್ತಿನ ಗಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ. ಆಗ ದೊಡ್ಡ ಗಾಲಿ ಹಾಕಿ ಗಾಡಿಯನ್ನು ಎತ್ತರಿಸಿ ಪ್ರಯೋಜನವಿಲ್ಲ, ಹೇರಿದ್ದನ್ನು ಮುಂದಕ್ಕೆ ಸರಿಸಬೇಕು. ಟ್ರೇಲರ್‌ನ ಮೂತಿ ಪಿಕಪ್‌ನ ಹಿಚ್ ಬಾಲ್, ಅಂದರೆ ಕೊಂಡಿಯ ಗುಂಡಿನ ಮೇಲೆ ಹಾಕುವ ಭಾರಕ್ಕೆ ಇಲ್ಲಿಯವರು ಟಂಗ್ ವೇಟ್ ಎನ್ನುತ್ತಾರೆ. ಮೂಕಿಭಾರ ಎಂದರೆ ನಮಗೆ ಸರಿಯಾಗಿ ಕೂರುತ್ತದೆ. ಈ ಮೂಕಿಭಾರ ಬೀಳುವುದು ಹಿಂದಿನ ಆಕ್ಸಲ್‌ನ ಮೇಲಲ್ಲ, ಅದಕ್ಕಿಂತ ನಾಲ್ಕೈದು ಅಡಿ ಹಿಂದೆ. ಹಾಗಾಗಿ ಆಕ್ಸಲ್ ತಿರುಗಣೆಯಂತಾಗಿ ಪಿಕಪ್‌ನ ಮುಂಭಾಗ ಹಗುರವಾಗುತ್ತದೆ. ಇಡೀ ಸಮಸ್ಯೆಯ ಬೇರು ಇದೇ.

ಲೆಕ್ಕ ಹಾಕಿಯೇ ನೋಡೋಣ. ಟ್ರೇಲರ್ ಸಾಮಾನು ತುಂಬಿ 7,000 ಪೌಂಡ್, ಮೂಕಿಭಾರ 800. ಹಾಫ್-ಟನ್ ಪಿಕಪ್ (ದೊಡ್ಡ ಪಿಕಪ್‌ಗಳಲ್ಲಿ ಹಗುರ ವರ್ಗದ್ದು), ವೀಲ್‌ಬೇಸ್ ಅಂದರೆ ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 145 ಇಂಚು, ಬಾಲ್ ಇರುವುದು ಆಕ್ಸಲ್‌ನಿಂದ 58 ಇಂಚು ಹಿಂದೆ. ನಾಲ್ಕು ಜನ, ಪೂರ್ತಿ ಇಂಧನ, ಹಿಚ್, ಬೆಡ್‌ನಲ್ಲಿ (ಹಿಂದಿನ ತೆರೆದ ಪೆಟ್ಟಿಗೆಯಲ್ಲಿ) ಸಾಮಾನು ಸೇರಿ ಪಿಕಪ್ ಒಂದೇ ತೂಗಿದಾಗ ಮುಂದೆ 3,300, ಹಿಂದೆ 2,900, ಒಟ್ಟು 6,200. ಸ್ಟಿಕರ್ ಪ್ರಕಾರ ಗಾಡಿಯ ಒಟ್ಟು ಮಿತಿ 7,000, ಹಿಂದಿನ ಆಕ್ಸಲ್ ಮಿತಿ 4,000.

ಟ್ರೇಲರ್ ಕಟ್ಟಿದಾಗ ಮುಂದಿನಿಂದ 800 × 58 ÷ 145, ಅಂದರೆ 320 ಪೌಂಡ್ ಎದ್ದುಹೋಗುತ್ತದೆ. ಆ 320 ಎಲ್ಲಿಗೂ ಮಾಯವಾಗುವುದಿಲ್ಲ, ಹಿಂದಿನ ಆಕ್ಸಲ್ ಮೇಲೆ ಬಂದು ಕೂರುತ್ತದೆ. 800 ಮತ್ತು 320 ಸೇರಿ ಹಿಂದೆ 1,120 ಹೆಚ್ಚಾಗುತ್ತದೆ. ಈಗ ಮುಂದೆ 2,980, ಹಿಂದೆ 4,020. ಹಿಂದಿನ ಆಕ್ಸಲ್ ಮಿತಿ ಮೀರಿತು, ಒಟ್ಟು ತೂಕ ಮಿತಿಯ ಅಂಚಿಗೆ ಬಂತು.

ಏರ್ ಬ್ಯಾಗ್‌ಗೆ ಗಾಳಿ ತುಂಬಿ ಮತ್ತೆ ತೂಗಿ. ಮುಂದೆ ಹೆಚ್ಚುಕಡಿಮೆ ಅದೇ 2,980, ಹಿಂದೆ ಅದೇ 4,020. ಕಣ್ಣಿಗೆ ಮಾತ್ರ ಗಾಡಿ ನೆಟ್ಟಗಾಗಿದೆ. ಹಿಂಭಾಗ ಕುಸಿದಿದ್ದಾಗ ಆ ಗಾಡಿ ಒಂದು ಎಚ್ಚರಿಕೆ ಕೊಡುತ್ತಿತ್ತು, ಈಗ ಅದೂ ಇಲ್ಲ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ ಕೆಲಸ ಬೇರೆ. ಅದರ ಎರಡು ಸ್ಪ್ರಿಂಗ್ ಬಾರ್‌ಗಳು ಬಿಗಿಯಾದಾಗ ಹಿಚ್ಚನ್ನು ಸನ್ನೆಗೋಲಿನಂತೆ ಮೀಟಿ, ಹಿಂದಿನ ಆಕ್ಸಲ್ ಮೇಲಿನ ಭಾರದ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಇನ್ನೊಂದು ಪಾಲನ್ನು ಟ್ರೇಲರ್‌ನ ಆಕ್ಸಲ್‌ಗಳಿಗೂ ಹಂಚುತ್ತವೆ. ಇದೇ ಗಾಡಿಯಲ್ಲಿ ಮುಂದೆ ಕಳೆದುಹೋದ 320ರಲ್ಲಿ ಅರ್ಧ, 160 ಪೌಂಡ್ ವಾಪಸ್ ಬರುವಷ್ಟು ಬಿಗಿದರೆ ಮುಂದೆ 3,140, ಹಿಂದೆ 3,760, ಟ್ರೇಲರ್ ಆಕ್ಸಲ್‌ಗಳ ಮೇಲೆ 6,200 ಇದ್ದದ್ದು 6,300. ಹಿಂದಿನ ಆಕ್ಸಲ್ ಮಿತಿಯೊಳಗೆ ಬಂತು, ಸ್ಟೀರಿಂಗ್‌ಗೆ ಹಿಡಿತ ಬಂತು.

ಇನ್ನೊಂದು ಸ್ಟಿಕರ್ ಪಿಕಪ್‌ನ ಅಡಿಯಲ್ಲಿ, ಹಿಚ್ ತೂರಿಸುವ ಚೌಕ ಕೊಳವೆಯ, ಅಂದರೆ ಹಿಚ್ ರಿಸೀವರ್‌ನ ಮೇಲೆಯೇ ಇರುತ್ತದೆ. ಬಗ್ಗಿ ನೋಡುವವರು ಕಡಿಮೆ. ಅದರಲ್ಲಿ ಎರಡು ಸಾಲು. ವೇಟ್ ಡಿಸ್ಟ್ರಿಬ್ಯೂಷನ್ ಇಲ್ಲದೆ ಎಳೆಯುವುದಾದರೆ ಒಂದು ಮಿತಿ, ಇದ್ದರೆ ಇನ್ನೊಂದು. ಎಷ್ಟೋ ಹಾಫ್-ಟನ್ ಗಾಡಿಗಳಲ್ಲಿ ಮೊದಲನೆಯದು 5,000 ಪೌಂಡ್ ಟ್ರೇಲರ್, 500 ಪೌಂಡ್ ಮೂಕಿಭಾರ ಅಷ್ಟೇ. ಜಾಹೀರಾತಿನಲ್ಲಿ ಕಾಣುವ 10,000-12,000ದ ಅಂಕಿಗಳೆಲ್ಲ ಎರಡನೇ ಸಾಲಿನವು. 800 ಪೌಂಡ್ ಮೂಕಿಭಾರವನ್ನು ಬರೀ ಬಾಲ್ ಮೇಲೆ ಕೂರಿಸಿ ಏರ್ ಬ್ಯಾಗ್ ಉಬ್ಬಿಸಿದರೆ, ಅಂಥ ರಿಸೀವರ್‌ನ ಮಿತಿಯನ್ನು 300 ಪೌಂಡ್ ಮೀರಿದಂತೆ. ಇದೊಂದು ಸ್ಟಿಕರ್ ನೋಡಿದರೇ ಅನೇಕರ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ.

ಐ-40ರಲ್ಲಿ ನಡೆದದ್ದಕ್ಕೆ ಮುಂಭಾಗ ಹಗುರವಾದದ್ದು ಒಂದು ಕಾರಣ. ಇನ್ನೊಂದು ಕಾರಣವನ್ನು ಏರ್ ಬ್ಯಾಗೇ ತಂದಿಟ್ಟಿತ್ತು. ಬಾಲ್‌ನ ಎತ್ತರವನ್ನು ಗಾಡಿ ಕುಸಿದಿದ್ದಾಗ ಹೊಂದಿಸಿದ್ದರು. ಆಮೇಲೆ ಗಾಳಿ ತುಂಬಿದಾಗ ಬಾಲ್ ಮೇಲೆದ್ದಿತು, ಅದರೊಂದಿಗೆ ಟ್ರೇಲರ್‌ನ ಮೂತಿಯೂ ಎದ್ದಿತು. ಟ್ರೇಲರ್ ಸಮತಟ್ಟಾಗಿರಬೇಕು, ಇಲ್ಲವೇ ಮೂತಿ ಒಂದಿಷ್ಟು ತಗ್ಗಿರಬೇಕು. ಮೂತಿ ಎದ್ದರೆ ಸಾಮಾನ್ಯವಾಗಿ ಮೂಕಿಭಾರ ಇಳಿಯುತ್ತದೆ. ಮೂಕಿಭಾರ ಟ್ರೇಲರ್‌ನ ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. ಹತ್ತಕ್ಕಿಂತ ಕೆಳಗಿಳಿದರೆ ಓಲಾಟ ಕಾದು ಕೂತಿರುತ್ತದೆ. ಮೂರನೆಯದು ವೇಗ. ಬೇರೆ ವೇಗದ ಗುರುತು ಇಲ್ಲದ ಎಸ್‌ಟಿ (ಟ್ರೇಲರ್‌ಗೆಂದೇ ಮಾಡಿದ) ಟೈರ್‌ಗಳ ಮಿತಿ ಸಾಮಾನ್ಯವಾಗಿ 65 ಮೈಲಿ.

ಓಲಾಟ ಶುರುವಾದರೆ ಪಿಕಪ್‌ನ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಅತ್ತಿತ್ತ ತಿರುಗಿಸಿ ಸರಿಮಾಡಲು ಹೋಗಬೇಡಿ. ಸ್ಟೀರಿಂಗ್ ನೇರವಾಗಿ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಬ್ರೇಕ್ ಕಂಟ್ರೋಲರ್‌ನ ಕೈಗುಂಡಿ ಒತ್ತಿ ಟ್ರೇಲರ್‌ನ ಬ್ರೇಕ್ ಮಾತ್ರ ಹಿಡಿಸಿ. ಹಿಂದಿನಿಂದ ಜಗ್ಗಿದಂತಾಗಿ ಟ್ರೇಲರ್ ಸಾಲಿಗೆ ಬರುತ್ತದೆ. ಆ ಗುಂಡಿ ಎಲ್ಲಿದೆ ಎಂದು ಮನೆ ಮುಂದೆಯೇ ಕೈಗೆ ರೂಢಿ ಮಾಡಿಕೊಳ್ಳಿ, ಮನೆಯಲ್ಲಿ ಯಾರು ಯಾರು ಓಡಿಸುತ್ತಾರೋ ಅವರೆಲ್ಲ.

ಹಾಗಾದರೆ ನಿಮ್ಮ ಗಾಡಿಗೆ ಏರ್ ಬ್ಯಾಗ್ ಬೇಕೇ ಬೇಡವೇ? ಹಿಂಭಾಗ ಕುಸಿದಂತೆ ಕಂಡದ್ದು ಇದಕ್ಕೆ ಆಧಾರವಾಗಬಾರದು. ಖಾಲಿ ಪಿಕಪ್ ಹಿಂದುಗಡೆ ಎರಡು ಇಂಚಿನಷ್ಟು ಎತ್ತರವಾಗಿಯೇ ನಿಂತಿರುತ್ತದೆ, ಭಾರ ಬಿದ್ದಾಗ ಇಳಿಯಲಿ ಎಂದೇ ಹಾಗೆ ಮಾಡಿರುವುದು. ಮೊದಲು ತೂಕ ಹಾಕಿಸಿ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಇರುವ ಕ್ಯಾಟ್ ಸ್ಕೇಲ್ ಸ್ಟೀರಿಂಗ್ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್ ಮೂರನ್ನೂ ಬೇರೆಬೇರೆಯಾಗಿ ತೂಗಿ ಚೀಟಿ ಕೊಡುತ್ತದೆ. 24 ಗಂಟೆಯೊಳಗೆ ಮತ್ತೆ ತೂಗಿಸಿದರೆ ದರ ಕಡಿಮೆ. ಪ್ರವಾಸಕ್ಕೆ ಹೊರಡುವ ಹಾಗೇ ಜನ, ಸಾಮಾನು, ಇಂಧನ ತುಂಬಿಕೊಂಡು ಮೂರು ಸಲ ತೂಗಿ: ಪಿಕಪ್ ಒಂದೇ, ಟ್ರೇಲರ್ ಕಟ್ಟಿ ಬಾರ್ ಹಾಕದೆ, ಬಾರ್ ಹಾಕಿ. ಎರಡನೇ ಚೀಟಿಯಲ್ಲಿ ಪಿಕಪ್‌ನ ಎರಡು ಆಕ್ಸಲ್‌ಗಳ ಮೊತ್ತದಿಂದ ಮೊದಲ ಚೀಟಿಯ ಮೊತ್ತ ಕಳೆದರೆ ಉಳಿದದ್ದೇ ನಿಮ್ಮ ನಿಜವಾದ ಮೂಕಿಭಾರ. ಕರಪತ್ರದ ಅಂಕಿಯನ್ನು ನಂಬಬೇಡಿ. ಅದು ಖಾಲಿ ಟ್ರೇಲರ್‌ನದು. 40 ಗ್ಯಾಲನ್ ನೀರು ತುಂಬಿದರೇ 330 ಪೌಂಡ್ ಏರುತ್ತದೆ. ಮೂತಿಯ ಮೇಲಿನ ಎರಡು ತುಂಬಿದ ಪ್ರೊಪೇನ್ ಸಿಲಿಂಡರ್ 75 ಪೌಂಡ್, ಬ್ಯಾಟರಿ ಬೇರೆ.

ಬಾಗಿಲ ಕಂಬದ ಹಳದಿ-ಬಿಳಿ ಸ್ಟಿಕರ್‌ನಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದು ಎಂದಿರುತ್ತದೆ. ಅದೇ ಪೇಲೋಡ್. ಮೂಕಿಭಾರ ಅದರಲ್ಲಿ ಸೇರುತ್ತದೆ, ಸುಮಾರು 100 ಪೌಂಡ್ ತೂಗುವ ಹಿಚ್ ಕೂಡ ಸೇರುತ್ತದೆ. ಇದು ಮೀರಿದ್ದರೆ ಏರ್ ಬ್ಯಾಗ್‌ನ ಯೋಚನೆ ಅಲ್ಲಿಗೇ ಬಿಡಿ. ಸಾಮಾನು ಕಡಿಮೆ ಮಾಡಿ, ಇಲ್ಲವೇ ದೊಡ್ಡ ಪಿಕಪ್ ನೋಡಿ. ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ಎಳೆಯುವ ಡಬಲ್ ಕ್ಯಾಬ್ ಗಾಡಿಗಳ ಚಾಸಿ ಕ್ಯಾಬಿನ್‌ನ ಹಿಂದೆ ಬಾಗಿಹೋದ ಪ್ರಕರಣಗಳು ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. ಲೀಫ್ ಸ್ಪ್ರಿಂಗ್ ಭಾರವನ್ನು ತನ್ನ ಎರಡು ತುದಿಗಳಲ್ಲಿ ಚಾಸಿಗೆ ಕೊಡುತ್ತದೆ. ಏರ್ ಬ್ಯಾಗ್ ನಡುವೆ ಒಂದೇ ಜಾಗದಲ್ಲಿ ಒತ್ತುತ್ತದೆ. ಬಾಲ್ ಮೇಲೆ ಮಿತಿಮೀರಿದ ಭಾರ, ಮೇಲಿಂದ ಗುಂಡಿ ಬಿದ್ದ ರಸ್ತೆ ಎರಡೂ ಸೇರಿದರೆ ಆ ಜಾಗವೇ ಕೋಲು ಮುರಿಯುವಾಗಿನ ಮೊಣಕಾಲಾಗುತ್ತದೆ.

ತೂಕವೆಲ್ಲ ಮಿತಿಯೊಳಗಿದ್ದು, ಹಿಚ್ ಸರಿಯಾಗಿ ಬಿಗಿದ ಮೇಲೂ ಹಿಂಭಾಗ ಕುಸಿದಿದ್ದರೆ, ಅಥವಾ ಗುಂಡಿಯಲ್ಲಿ ಸ್ಪ್ರಿಂಗ್ ತಳಕ್ಕೆ ಬಡಿಯುತ್ತಿದ್ದರೆ ಏರ್ ಬ್ಯಾಗ್ ಒಳ್ಳೆಯ ಸಾಧನವೇ. ಫಿಫ್ತ್ ವೀಲ್ ಅಥವಾ ಗೂಸ್‌ನೆಕ್ (ಬೆಡ್‌ನ ಒಳಗೇ ಕೊಂಡಿ ಕೂರುವ ಟ್ರೇಲರ್‌ಗಳು) ಎಳೆಯುವ ಮುಕ್ಕಾಲು ಟನ್, ಒಂದು ಟನ್ ಗಾಡಿಗಳಿಗೆ ಅದು ತುಂಬ ಹೊಂದುತ್ತದೆ. ಅಲ್ಲಿ ಭಾರ ಬೀಳುವುದೇ ಆಕ್ಸಲ್ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ, ಮುಂಭಾಗ ಹಗುರವಾಗುವ ಪ್ರಶ್ನೆಯಿಲ್ಲ. ಬೆಡ್ ಮೇಲೆ ಕ್ಯಾಂಪರ್ ಹೊತ್ತು ಒಂದು ಬದಿಗೆ ವಾಲುವ ಗಾಡಿಗೂ ಅಷ್ಟೇ.

ಏರ್ ಬ್ಯಾಗ್, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಎರಡನ್ನೂ ಒಟ್ಟಿಗೆ ಬಳಸುವವರು ಮುಂದಿನ ಚಕ್ರದ ಕಮಾನಿನ ಅಂಚಿನಿಂದ ನೆಲಕ್ಕೆ ಇರುವ ಎತ್ತರವನ್ನೇ ಪ್ರಮಾಣ ಮಾಡಿಕೊಳ್ಳಿ. ಹಿಂದಿನ ಅಳತೆಯನ್ನು ಗಾಳಿ ಸುಳ್ಳು ಮಾಡುತ್ತದೆ, ಮುಂದಿನದು ಮುಂದಿನ ಆಕ್ಸಲ್ ಮೇಲಿನ ಭಾರಕ್ಕೆ ತಕ್ಕಂತೆಯೇ ಏರಿಳಿಯುತ್ತದೆ. ಟ್ರೇಲರ್ ಇಲ್ಲದಾಗ 38 ಇಂಚು, ಕಟ್ಟಿದಾಗ 38¾ ಆದರೆ, ಅರ್ಧ ವಾಪಸ್ ಬರಬೇಕೆಂದರೆ ಬಾರ್ ಬಿಗಿದ ಮೇಲೆ 38⅜ ಬರಬೇಕು. ಎಷ್ಟು ಭಾಗ ವಾಪಸ್ ಬರಬೇಕು ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಪಿಕಪ್‌ನ ಕೈಪಿಡಿ ನೋಡಿ. ಹೊಂದಿಸುವ ಕ್ರಮವನ್ನು ಕಿಟ್‌ನ ಕೈಪಿಡಿ ಬೇರೆ ರೀತಿ ಹೇಳದಿದ್ದರೆ ಚೀಲದಲ್ಲಿ 5-10 ಪಿಎಸ್‌ಐ ಮಾತ್ರ ಇಟ್ಟುಕೊಂಡು ಹಿಚ್ ಬಿಗಿಯಿರಿ, ಉಳಿದ ಕುಸಿತಕ್ಕಷ್ಟೇ ಗಾಳಿ ತುಂಬಿ, ಮುಂದಿನ ಎತ್ತರವನ್ನು ಮತ್ತೊಮ್ಮೆ ಅಳೆಯಿರಿ. ಟ್ರೇಲರ್‌ನ ಮೂತಿಯನ್ನೂ ನೋಡಿ. ಎದ್ದಿದ್ದರೆ ಬಾಲ್ ಇಳಿಸಬೇಕು.

ಕೂರಿಸುವಾಗ ಆಗುವ ತಪ್ಪುಗಳಲ್ಲಿ ಮುಖ್ಯವಾದದ್ದು ಗಾಳಿಯ ಪೈಪ್. ಸೈಲೆನ್ಸರ್ ಕೊಳವೆಗೆ ತಾಗಿದರೆ ಕರಗಿ ತೂತಾಗುತ್ತದೆ, ಆ ಬದಿಯ ಚೀಲಕ್ಕೆ ಶಾಖ ತಡೆಯುವ ತಗಡು ಹಾಕಲೇಬೇಕು. ಪೈಪನ್ನು ಓರೆಯಾಗಿ ಕತ್ತರಿಸಿದರೆ ಫಿಟ್ಟಿಂಗ್‌ನಲ್ಲಿ ಸೋರುತ್ತದೆ. ಸೋಪಿನ ನೀರು ಬಳಿದು ಗುಳ್ಳೆ ನೋಡಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒತ್ತಡ ನೋಡಿ. ಎರಡೂ ಚೀಲವನ್ನು ಒಂದೇ ಪೈಪ್‌ಗೆ ‘T’ ಆಕಾರದ ಫಿಟ್ಟಿಂಗ್ ಹಾಕಿ ಜೋಡಿಸಿದರೆ ತಿರುವಿನಲ್ಲಿ ಭಾರ ಬಿದ್ದ ಬದಿಯ ಗಾಳಿ ಇನ್ನೊಂದು ಬದಿಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ. ಪ್ರತಿ ಬದಿಗೂ ಬೇರೆ ವಾಲ್ವ್ ಕೇಳಿ. ಅನೇಕ ಕಿಟ್‌ಗಳಲ್ಲಿ ಕಾರ್ಖಾನೆಯ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ತೆಗೆದು ಅದೇ ಜಾಗದಲ್ಲಿ ಚೀಲ ಕೂರಿಸುತ್ತಾರೆ. ಹಾಗಾಗಿ ಗಾಳಿಯಿಲ್ಲದೆ ಓಡಿಸಿದರೆ ಚೀಲ ಮಡಿಚಿ ನಜ್ಜಾಗಿ ಹರಿಯುತ್ತದೆ. ಖಾಲಿ ಗಾಡಿಯಲ್ಲೂ 5 ಪಿಎಸ್‌ಐ ಇರಲೇಬೇಕು, 100 ದಾಟಬಾರದು. ಟ್ರೇಲರ್ ಬಿಚ್ಚಿದ ಮೇಲೆ ಒತ್ತಡ ಇಳಿಸುವುದನ್ನು ಮರೆಯಬೇಡಿ. 70 ಪಿಎಸ್‌ಐ ಇಟ್ಟುಕೊಂಡ ಖಾಲಿ ಪಿಕಪ್‌ನ ಹಿಂಭಾಗ ಒದ್ದೆ ರಸ್ತೆಯ ಉಬ್ಬಿನಲ್ಲಿ ಜಿಗಿದು ಹಿಡಿತ ಬಿಡುತ್ತದೆ.

ಮೇಲೆ ಲೆಕ್ಕ ಹಾಕಿದ ಗಾಡಿಗೆ ಮರಳುವುದಾದರೆ, ಹಿಚ್ ಹಾಕಿದ ಮೇಲೆ ಅದರ ತೂಕ 3,140 ಮತ್ತು 3,760, ಒಟ್ಟು 6,900. ಮಿತಿಗೆ ಇನ್ನು 100 ಪೌಂಡ್ ಮಾತ್ರ. ಬೆಡ್‌ನಲ್ಲಿ ಸೌದೆ ಹೇರಿಕೊಂಡು ಹೊರಡುವ ಅಭ್ಯಾಸ ಇದ್ದವರು ಅದನ್ನು ಬಿಟ್ಟು ಕ್ಯಾಂಪ್ ಹತ್ತಿರವೇ ಕೊಳ್ಳಿ. ಮರ ಕೊರೆಯುವ ಹುಳು ಹರಡುತ್ತದೆಂದು ಹೊರಗಿನ ಸೌದೆ ತರಬೇಡಿ ಎಂದು ಎಷ್ಟೋ ಪಾರ್ಕ್‌ಗಳು ಹೇಗೂ ಹೇಳುತ್ತವೆ. ಟ್ರೇಲರ್‌ನ ನೀರಿನ ಟ್ಯಾಂಕನ್ನೂ ಅಲ್ಲಿಯೇ ತುಂಬಿಸಿ. ಆದರೆ ಟ್ಯಾಂಕ್ ಆಕ್ಸಲ್‌ನ ಮುಂದಿದೆಯೋ ಹಿಂದಿದೆಯೋ ನೋಡಿಕೊಳ್ಳಿ. ಮುಂದಿದ್ದರೆ ಖಾಲಿ ಮಾಡಿದಾಗ ಮೂಕಿಭಾರ ಇಳಿಯುತ್ತದೆ, ಹಿಂದಿದ್ದರೆ ಏರುತ್ತದೆ. ತೂಕ ಹಾಕಿಸುವ ದಿನ ಟ್ಯಾಂಕ್ ಹೇಗಿತ್ತೋ ಹೊರಡುವ ದಿನವೂ ಹಾಗೇ ಇರಲಿ.