ಸ್ವಿಚ್ ತೆಗೆದು ಮ್ಯಾಚ್ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ವೆಬ್‌ಸೈಟ್‌ಗಳಿಗೆ ಬಳಸುವ ಪಿಎಚ್‌ಪಿ ಭಾಷೆಯ ಹಳೇ ಕೋಡ್‌ನಲ್ಲಿ ಸ್ವಿಚ್ (ಬಂದ ಮೌಲ್ಯ ನೋಡಿ ಮುಂದಿನ ಕೆಲಸ ಆರಿಸುವ ರಚನೆ) ಕಂಡ ಕೂಡಲೇ ಅದನ್ನು ತೆಗೆದು ಅದೇ ಕೆಲಸದ ಹೊಸ ರಚನೆ ಮ್ಯಾಚ್ ಮಾಡಿಬಿಡೋಣ ಅಂತ ಕೈ ತುರಿಸುತ್ತಿದೆಯಾ? ಸ್ವಲ್ಪ ತಡೆಯಿರಿ. ನನ್ನ ಕೈಯೂ ತುರಿಸಿತ್ತು. ಫೀಸು ಕಟ್ಟಿ ರಸೀದಿ ಇಟ್ಟುಕೊಂಡಿದ್ದ ಪೋಷಕರಿಗೆಲ್ಲ ‘ಫೀಸು ಬಾಕಿ ಇದೆ’ ಎಂಬ ಎಸ್‌ಎಂಎಸ್ ಹೋಯಿತು.

ಅದು ಒಂದು ಶಾಲೆಯ ಫೀಸು ಲೆಕ್ಕದ ಸಾಫ್ಟ್‌ವೇರ್. ನನಗಿಂತ ಮುಂಚೆ ನಾಲ್ಕೈದು ಜನ ಕೈಯಾಡಿಸಿದ್ದರು. ಸರ್ವರ್‌ನಲ್ಲಿ ಇದ್ದದ್ದು ಪಿಎಚ್‌ಪಿ 8.0. ಮ್ಯಾಚ್ ಬಂದದ್ದೇ ಆ ಆವೃತ್ತಿಯಲ್ಲಿ, 2020ರ ನವೆಂಬರ್‌ನಲ್ಲಿ. ಸಾಲು ಸಾಲಿಗೂ ಬ್ರೇಕ್ ಬರೆಯುವ ಕಾಟ ಇಲ್ಲ, ನೋಡೋಕೂ ಚೆಂದ. 1 ಅಂದರೆ ಕಟ್ಟಿದ್ದಾರೆ, 2 ಅಂದರೆ ರಿಯಾಯಿತಿ, ಮಿಕ್ಕಿದ್ದೆಲ್ಲ ಡೀಫಾಲ್ಟ್‌ನಲ್ಲಿ (ಯಾವುದಕ್ಕೂ ತಾಳೆಯಾಗದ್ದು ಬೀಳುವ ಕಡೆ) ಬಾಕಿ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡಿತು. ಸರ್ವರ್‌ಗೆ ಏರಿಸಿ ಮಲಗಿದೆ. ಬೆಳಗ್ಗೆ ಎಬ್ಬಿಸಿದ್ದು ಶಾಲೆಯ ಕ್ಲರ್ಕ್ ಫೋನು. ಅವರು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸ್ವಿಚ್ ಉದಾರಿ. ಅಂಕಿಯಾಗಿ 1 ಬಂದರೂ ಸೈ, ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ‘1’ ಬಂದರೂ ಸೈ. ಮ್ಯಾಚ್‌ಗೆ ಟೈಪೂ ತಾಳೆಯಾಗಬೇಕು. ಇಷ್ಟು ನನಗೆ ಗೊತ್ತಿತ್ತು, ಅದಕ್ಕೇ ಹೊಟ್ಟೆ ಉರಿಯುವುದು! ಗೊತ್ತಿಲ್ಲದ್ದು ಬೇರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 8.1 ಇತ್ತು. ಪಿಡಿಒ (ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಸೌಲಭ್ಯ) ಮೂಲಕ ಮೈಎಸ್‌ಕ್ಯುಎಲ್ ಡೇಟಾಬೇಸ್‌ನಿಂದ ಬರುವ ಅಂಕಿ 8.1ರಿಂದ ಅಂಕಿಯಾಗಿಯೇ ಕೈಗೆ ಸಿಗುತ್ತದೆ. 8.0ರಲ್ಲಿ, ಎಮ್ಯುಲೇಟೆಡ್ ಪ್ರಿಪೇರ್ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು ಪಿಡಿಒ ತಾನೇ ಸಿದ್ಧಪಡಿಸುವ ಸೆಟ್ಟಿಂಗ್) ಆನ್ ಇದ್ದರೆ, ಅದೇ ಅಂಕಿ ಸ್ಟ್ರಿಂಗ್ ಆಗಿ ಬರುತ್ತದೆ. ನಾವು ಮುಟ್ಟದಿದ್ದರೆ ಅದು ಆನ್ ಆಗಿಯೇ ಇರುತ್ತದೆ. ಹಾಗಾಗಿ ಸರ್ವರ್‌ನಲ್ಲಿ ಒಂದು ಸಾಲೂ ತಾಳೆಯಾಗಲಿಲ್ಲ, ಇಡೀ ಶಾಲೆ ಡೀಫಾಲ್ಟ್‌ಗೆ ಬಿತ್ತು. ಹಳೇ ಸ್ವಿಚ್ ಇಷ್ಟು ದಿನ ಈ ಗೊಂದಲವನ್ನು ಸುಮ್ನೆ ನುಂಗಿಕೊಂಡು ಬಂದಿತ್ತು.

ಮ್ಯಾಚ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡೀಫಾಲ್ಟ್ ಹಾಕದೇ ಇದ್ದಿದ್ದರೆ ಅದು ಎರರ್ ಎಸೆದು ಅಲ್ಲೇ ನಿಲ್ಲುತ್ತಿತ್ತು, ಎಸ್‌ಎಂಎಸ್ ಹೊರಡುತ್ತಲೇ ಇರಲಿಲ್ಲ. ಅದರ ಬಾಯಿ ಮುಚ್ಚಿಸಿದವನು ನಾನೇ, ಅಲ್ವಾ?

ಈಗ ಡೇಟಾಬೇಸ್‌ನಿಂದ ಬಂದದ್ದನ್ನು ಮೊದಲು ಇಂಟ್ (ಪೂರ್ಣಾಂಕ) ಮಾಡಿ ಆಮೇಲೆ ಮ್ಯಾಚ್‌ಗೆ ಕೊಡುತ್ತೇನೆ. ‘ಬಾಕಿ’ಗೂ ಅದರದೇ ಅಂಕಿ ಬರೆದು ಡೀಫಾಲ್ಟ್ ತೆಗೆದಿದ್ದೇನೆ. ಲ್ಯಾಪ್‌ಟಾಪ್‌ಗೂ ಸರ್ವರ್‌ಗೂ ಒಂದೇ ಆವೃತ್ತಿ. ಆ ಪ್ರಾಜೆಕ್ಟ್‌ನಲ್ಲಿ ಇನ್ನೂ ಮೂವತ್ತು ಚಿಲ್ಲರೆ ಸ್ವಿಚ್ ಉಳಿದಿವೆ. ಟೆಸ್ಟ್ ಬರೆಯುವ ತನಕ ಅವುಗಳ ತಂಟೆಗೆ ನಾನು ಹೋಗುವುದಿಲ್ಲ.